ಪಾಶ್ಚರ್ ಗೊತ್ತು, ಆಸ್ಪತ್ರೆಯ ದಾರಿ ಗೊತ್ತಿಲ್ಲ

ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್! ಈ ಮಾತು ಕೇಳದೆ ಬೆಳೆದವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಓಣಿಯ ನಾಯಿಗೆ ಕಲ್ಲು ಹೊಡೆಯಲು ಹೋದಾಗ ಅಜ್ಜಿ ಹೆದರಿಸಿದ್ದು ಇದೇ ಮಾತಿನಿಂದ. ನಾವು ತಮ್ಮ ತಂಗಿಯರನ್ನು ಹೆದರಿಸಿದ್ದೂ ಇದೇ ಮಾತಿನಿಂದ.

ವಿಚಿತ್ರವೆಂದರೆ ಆ ಇಂಜೆಕ್ಷನ್ ಈಗ ಇಲ್ಲವೇ ಇಲ್ಲ. ಕುರಿಯ ಮೆದುಳಿನ ಅಂಗಾಂಶದಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಡೇವಿಡ್ ಸೆಂಪಲ್ ಎಂಬ ವೈದ್ಯ 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ್ದರು. ನಮ್ಮ ದೇಶ ಅದರ ಉತ್ಪಾದನೆಯನ್ನು 2004ರ ಕೊನೆಗೆ ನಿಲ್ಲಿಸಿತು. ಅಂದರೆ ಈಗ ಡಿಗ್ರಿ ಓದುತ್ತಿರುವ ಬಹುಪಾಲು ಹುಡುಗ ಹುಡುಗಿಯರು ಹುಟ್ಟಿದ್ದೇ ಅದರ ಆಸುಪಾಸಿನಲ್ಲಿ ಅಥವಾ ಆಮೇಲೆ. ಈಗಿನ ಲಸಿಕೆ ಕೊಡುವುದು ತೋಳಿಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಚರ್ಮದೊಳಗೆ ಕೊಡುತ್ತಾರೆ, ನಾಲ್ಕು ಬಾರಿ ಹೋದರೆ ಮುಗಿಯಿತು. ಸ್ನಾಯುವಿಗೆ ಕೊಡುವ ಕ್ರಮವಾದರೆ ಐದು ಬಾರಿ. ಲಸಿಕೆ ಬದಲಾಗಿ ಎರಡು ದಶಕ ಕಳೆದರೂ ಅದರ ಭಯ ಮಾತ್ರ ಮನೆಯಿಂದ ಮನೆಗೆ ಹಾಗೇ ಸಾಗಿ ಬರುತ್ತಿದೆ.

ಇದನ್ನು ಬರೆಯಲು ಕಾರಣವಿದೆ. ನಾನು ಧಾರವಾಡದಲ್ಲಿ ರೂಮ್ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಇಲ್ಲಿನ ಓದುಗರ ದಿನಚರಿ ಎಲ್ಲರಿಗೂ ಗೊತ್ತಿರುವುದೇ. ಬೆಳಿಗ್ಗೆ ಕ್ಲಾಸು, ಮಧ್ಯಾಹ್ನ ಖಾನಾವಳಿ, ರಾತ್ರಿ ಹತ್ತು ಹನ್ನೊಂದರವರೆಗೆ ಲೈಬ್ರರಿ. ಅಲ್ಲಿಂದ ರೂಮಿಗೆ ನಡೆದು ಬರುವಾಗ ಪ್ರತಿ ತಿರುವಿನಲ್ಲೂ ನಾಯಿಗಳ ಗುಂಪು. ಕಳೆದ ನವೆಂಬರ್‌ನಲ್ಲಿ ನನ್ನ ರೂಮ್‌ಮೇಟ್‌ನ ಮೀನಖಂಡಕ್ಕೆ ನಾಯಿಮರಿಯೊಂದು ಹಲ್ಲು ತಾಗಿಸಿತು. ಸ್ವಲ್ಪ ರಕ್ತವೂ ಬಂತು. ಆಸ್ಪತ್ರೆಗೆ ಹೋಗೋಣ ಎಂದರೆ ಅವನ ಉತ್ತರ: ‘ಏ, ಸಣ್ಣ ಮರಿಲೇ ಅದು. ದಿನಾ ಬಿಸ್ಕೀಟ್ ಹಾಕತೀನಿ. ಅದಕ್ಕೆಲ್ಲಿ ಹುಚ್ಚು?’

ರಾತ್ರಿ ಊರಿಗೆ ಫೋನ್ ಮಾಡಿದ. ಅವ್ವ ಗಾಬರಿಯಾದರು. ಆದರೆ ಗಾಬರಿ ರೋಗದ ಬಗ್ಗೆ ಅಲ್ಲ. ‘ಹೊಟ್ಟಿಗೆ ಹದಿನಾಲ್ಕ ಸೂಜಿ ಮಾಡ್ತಾರಪಾ, ನಿನಗ ತಡಕೊಳ್ಳಾಕ ಆಗಂಗಿಲ್ಲ. ಊರಿಗೆ ಬಾ. ನಿಮ್ಮ ದೊಡ್ಡಪ್ಪಗ ಔಷಧ ಕೊಟ್ಟವ್ರು ಇನ್ನೂ ಅದಾರ’ ಅಂದರು.

ಇದೇ ಗೆಳೆಯನನ್ನು ‘ರೇಬೀಸ್‌ಗೆ ಲಸಿಕೆ ಕಂಡುಹಿಡಿದವರು ಯಾರು’ ಎಂದು ಕೇಳಿ ನೋಡಿ, ನಿದ್ದೆಯಲ್ಲೂ ‘ಲೂಯಿ ಪಾಶ್ಚರ್, 1885’ ಎನ್ನುತ್ತಾನೆ. ಅದು ವೈರಸ್‌ನಿಂದ ಬರುವ ರೋಗ, ಮೆದುಳಿಗೆ ತಗಲುವ ರೋಗ ಎಂಬುದೂ ಗೊತ್ತು. ವಿಶ್ವ ರೇಬೀಸ್ ದಿನ ಸೆಪ್ಟೆಂಬರ್ 28 ಎಂಬುದೂ ಗೊತ್ತು. ಆದರೆ ರಾತ್ರಿ ಹತ್ತು ಗಂಟೆಗೆ ಧಾರವಾಡದಲ್ಲಿ ಆ ಲಸಿಕೆ ಎಲ್ಲಿ ಸಿಗುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ, ನಮ್ಮ ಮಹಡಿಯಲ್ಲಿದ್ದ ಹನ್ನೆರಡು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನ್ನ ಇಡೀ ವಾದ ಇರುವುದು ಇಲ್ಲೇ. ನಮ್ಮಲ್ಲಿ ಆರೋಗ್ಯ ಜಾಗೃತಿ ಎಂದರೆ ಮಾಹಿತಿ ತುಂಬುವುದು, ಇಲ್ಲವೇ ಹೆದರಿಸುವುದು. ಎಲ್ಲಿಗೆ, ಯಾವಾಗ, ಹೇಗೆ ಹೋಗಬೇಕು ಎಂಬುದನ್ನು ಹೇಳುವವರೇ ಇಲ್ಲ.

ಇಂಥ ಮಾತು ಬಂದಾಗಲೆಲ್ಲ ‘ಜನಕ್ಕೆ ತಿಳಿವಳಿಕೆ ಇಲ್ಲ’ ಎಂದು ಕೈತೊಳೆದುಕೊಳ್ಳುವವರು ಇದ್ದಾರೆ. ಅವರು ಒಂದು ಹಳೆಯ ಪ್ರಯೋಗವನ್ನು ನೋಡಬೇಕು. ಹೊವಾರ್ಡ್ ಲೆವೆಂತಾಲ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ಅದನ್ನು ನಡೆಸಿ 1965ರಲ್ಲಿ ಪ್ರಕಟಿಸಿದರು. ವಿಷಯ ಧನುರ್ವಾಯು ಲಸಿಕೆ. ಕೆಲವರಿಗೆ ಭೀಕರ ವಿವರ, ಚಿತ್ರಗಳಿರುವ ಪುಸ್ತಿಕೆ ಕೊಟ್ಟರು. ಇನ್ನು ಕೆಲವರಿಗೆ ತಣ್ಣಗಿನ ಭಾಷೆಯ ಪುಸ್ತಿಕೆ. ಭೀಕರ ಪುಸ್ತಿಕೆ ಓದಿದವರು ಹೆಚ್ಚು ಹೆದರಿದರು, ಲಸಿಕೆ ಬಹಳ ಮುಖ್ಯ ಎಂದು ಒಪ್ಪಿಕೊಂಡರು. ಆದರೆ ಎದ್ದು ಹೋಗಿ ಲಸಿಕೆ ಹಾಕಿಸಿಕೊಂಡವರ ಲೆಕ್ಕ ತೆಗೆದಾಗ, ಹೆಚ್ಚು ಹೆದರಿದವರಿಗೂ ಕಡಿಮೆ ಹೆದರಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ವ್ಯತ್ಯಾಸ ತಂದದ್ದು ಬೇರೊಂದು ಸಂಗತಿ. ಒಂದಿಷ್ಟು ವಿದ್ಯಾರ್ಥಿಗಳಿಗೆ ಪುಸ್ತಿಕೆಯ ಜೊತೆಗೆ ಕ್ಯಾಂಪಸ್‌ನ ನಕ್ಷೆ ಕೊಟ್ಟಿದ್ದರು. ಅದರಲ್ಲಿ ಆರೋಗ್ಯ ಕೇಂದ್ರವನ್ನು ಗುರುತು ಮಾಡಿ, ಲಸಿಕೆ ಕೊಡುವ ಸಮಯ ಬರೆದಿದ್ದರು. ನಿಮ್ಮ ವಾರದ ವೇಳಾಪಟ್ಟಿ ನೋಡಿ, ಯಾವಾಗ ಬಿಡುವಿದೆ ಎಂದು ಯೋಚಿಸಿ ಎಂದೂ ಹೇಳಿದ್ದರು. ಹೀಗೆ ನಕ್ಷೆ ಪಡೆದವರಲ್ಲಿ ಶೇ 28ರಷ್ಟು ಮಂದಿ ಲಸಿಕೆ ಹಾಕಿಸಿಕೊಂಡರು. ಪಡೆಯದವರಲ್ಲಿ ಶೇ 3 ಮಾತ್ರ. ಅವರು ಕೊನೆಯ ವರ್ಷದ ವಿದ್ಯಾರ್ಥಿಗಳು. ಆರೋಗ್ಯ ಕೇಂದ್ರ ಎಲ್ಲಿದೆ ಎಂದು ಅವರಲ್ಲಿ ಹೆಚ್ಚಿನವರಿಗೆ ಮೊದಲೇ ಗೊತ್ತಿದ್ದಿರಬೇಕು. ಆದರೂ ‘ಇಂಥ ದಿನ, ಇಂಥ ಹೊತ್ತಿಗೆ, ಈ ದಾರಿಯಲ್ಲಿ’ ಎಂದು ಮನಸ್ಸಿನಲ್ಲಿ ಒಮ್ಮೆ ಕೂಡಿಸಿಕೊಂಡಾಗ ಕಾಲು ಎದ್ದಿತು. ದೊಡ್ಡ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಕತೆಯೇ ಹೀಗಿರುವಾಗ ನಮ್ಮ ಹಳ್ಳಿಯ ಜನರನ್ನು ತಿಳಿವಳಿಕೆ ಇಲ್ಲದವರು ಎಂದು ಬೈಯುವುದು ಅನ್ಯಾಯ.

ಈಗ ನಾಯಿ ಕಡಿತಕ್ಕೇ ಬರೋಣ. ಇದು ಸಣ್ಣ ಸಮಸ್ಯೆಯಲ್ಲ. 2022–23ರಲ್ಲಿ ಐಸಿಎಂಆರ್ ವಿಜ್ಞಾನಿಗಳು 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಸಮೀಕ್ಷೆ ಮಾಡಿದರು. ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಮಂದಿ ರೇಬೀಸ್‌ನಿಂದ ಸಾಯುತ್ತಿದ್ದಾರೆ ಎಂಬುದು ಅವರ ಅಂದಾಜು. ನಾಯಿ ಕಚ್ಚಿಸಿಕೊಂಡ ಐವರಲ್ಲಿ ಒಬ್ಬರು ಲಸಿಕೆಯನ್ನೇ ಹಾಕಿಸಿಕೊಂಡಿರಲಿಲ್ಲ. ಶುರು ಮಾಡಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಪೂರ್ತಿ ಮಾಡಿರಲಿಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿ ಉಳಿದವರು ಇಡೀ ಜಗತ್ತಿನಲ್ಲೇ ಬೆರಳೆಣಿಕೆಯಷ್ಟು. ಆದರೆ ಕಚ್ಚಿದ ಮೇಲೆ ವೈರಸ್ ನರಗಳ ಮೂಲಕ ಮೆದುಳು ಮುಟ್ಟಲು ಸಾಮಾನ್ಯವಾಗಿ ವಾರಗಳು, ತಿಂಗಳುಗಳೇ ಬೇಕು. ಲಸಿಕೆ ಕೆಲಸ ಮಾಡುವುದು ಈ ಬಿಡುವಿನಲ್ಲೇ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಇಷ್ಟೆಲ್ಲ ಅನುಕೂಲ ಇದ್ದೂ ಜನ ಏಕೆ ಹೋಗುವುದಿಲ್ಲ?

ಮೊದಲನೆಯ ಕಾರಣ ನೋವಿನ ಲೆಕ್ಕಾಚಾರ. ಸೂಜಿಯ ನೋವು ಇವತ್ತಿನದು, ಖಚಿತವಾದದ್ದು. ರೋಗ ಮುಂದೆಂದೋ ಬರಬಹುದು, ಬರದೆಯೂ ಇರಬಹುದು. ಮನಸ್ಸು ಇವತ್ತಿನದನ್ನು ದೊಡ್ಡದಾಗಿ, ನಾಳೆಯದನ್ನು ಚಿಕ್ಕದಾಗಿ ನೋಡುತ್ತದೆ. ಪರೀಕ್ಷೆಗೆ ಮೂರು ತಿಂಗಳಿದ್ದಾಗ ನಾವು ರೀಲ್ಸ್ ನೋಡುತ್ತಾ ಕೂರುವುದಿಲ್ಲವೇ, ಇದೂ ಹಾಗೆಯೇ. ಅದರ ಮೇಲೆ ಹದಿನಾಲ್ಕು ಸೂಜಿಯ ಹಳೆಯ ಕತೆ ಸೇರಿದರೆ ತಕ್ಕಡಿ ಪೂರ್ತಿ ಒಂದೇ ಕಡೆ ವಾಲುತ್ತದೆ.

ಎರಡನೆಯದು ನಾಟಿ ಔಷಧದ ಮೇಲಿನ ನಂಬಿಕೆ. ‘ನಮ್ಮ ಊರಲ್ಲಿ ಎಷ್ಟೋ ಜನಕ್ಕೆ ಗುಣ ಆಗಿದೆ’ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಕಚ್ಚುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬೀಸ್ ಇರುವುದಿಲ್ಲ. ಆ ನಾಯಿ ಕಚ್ಚಿದವರು ಸೊಪ್ಪಿನ ರಸ ಕುಡಿದರೂ ಬದುಕುತ್ತಾರೆ, ಬರೀ ನೀರು ಕುಡಿದರೂ ಬದುಕುತ್ತಾರೆ. ಹೆಸರು ಬರುವುದು ಸೊಪ್ಪಿಗೆ. ನಮ್ಮ ಕೋಚಿಂಗ್ ಸೆಂಟರ್‌ಗಳ ಮುಂದಿನ ಫ್ಲೆಕ್ಸ್ ನೆನಪಿಸಿಕೊಳ್ಳಿ. ಅದರಲ್ಲಿ ಆಯ್ಕೆಯಾದವರ ಫೋಟೊಗಳಷ್ಟೇ ಇರುತ್ತವೆ. ಅದೇ ಬೆಂಚಿನಲ್ಲಿ ಕೂತು ಆಯ್ಕೆಯಾಗದ ನೂರಾರು ಜನರ ಫೋಟೊವನ್ನು ಯಾರೂ ಹಾಕುವುದಿಲ್ಲ. ಔಷಧದ ಕತೆಯಲ್ಲೂ ಬದುಕಿದವರು ಬಂದು ಹೇಳುತ್ತಾರೆ. ಸತ್ತವರು ಬಂದು ಹೇಳುವುದಿಲ್ಲ. ತಿಂಗಳುಗಳ ನಂತರ ಸಾವು ಬಂದಾಗ ಅಂದಿನ ನಾಯಿಯನ್ನೂ ಅಂದಿನ ಸೊಪ್ಪನ್ನೂ ಕೂಡಿಸಿ ನೋಡುವವರೂ ಕಡಿಮೆ.

ಮೂರನೆಯದು ಅರ್ಧ ತಲುಪಿದ ಮಾಹಿತಿ. ‘ನಾಯಿಯನ್ನು ಹತ್ತು ದಿನ ಗಮನಿಸಿ’ ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಅದು ವೈದ್ಯರು ಹೇಳುವ ಮಾತೇ. ಆದರೆ ಅದರ ಪೂರ್ಣ ರೂಪ ಬೇರೆ: ಲಸಿಕೆಯನ್ನು ತಕ್ಷಣ ಶುರು ಮಾಡಬೇಕು, ಜೊತೆಗೆ ನಾಯಿಯನ್ನೂ ಗಮನಿಸುತ್ತಿರಬೇಕು. ಹತ್ತು ದಿನ ಅದು ಆರೋಗ್ಯವಾಗಿದ್ದರೆ ಮುಂದಿನ ಡೋಸ್ ಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳುತ್ತಾರೆ. ಜನರಿಗೆ ತಲುಪಿದ್ದು ‘ಹತ್ತು ದಿನ ಕಾಯಿರಿ, ನಾಯಿ ಸತ್ತರೆ ಆಸ್ಪತ್ರೆಗೆ ಹೋಗಿ’ ಎಂಬ ರೂಪ. ಬೀದಿನಾಯಿಯನ್ನು ಹತ್ತು ದಿನ ಹಿಂಬಾಲಿಸುವವರು ಯಾರು? ಮರಿಗೆ ರೋಗ ಬರುವುದಿಲ್ಲ, ಗೊತ್ತಿರುವ ನಾಯಿಗೆ ಬರುವುದಿಲ್ಲ ಎಂಬುದೂ ಇಂಥದೇ ಸಮಾಧಾನ. ಮರಿಗೂ ರೇಬೀಸ್ ಬರುತ್ತದೆ. ರೋಗದ ಲಕ್ಷಣ ಕಾಣುವ ಕೆಲವು ದಿನ ಮೊದಲೇ ನಾಯಿಯ ಜೊಲ್ಲಿನಲ್ಲಿ ವೈರಸ್ ಇರಬಹುದು.

ನಾಲ್ಕನೆಯದು ನಡುವೆ ಬಿಡುವುದು. ಎರಡು ಡೋಸ್ ಆಗುವಷ್ಟರಲ್ಲಿ ಗಾಯ ಒಣಗಿರುತ್ತದೆ. ಗಾಯ ಮಾಯ್ದರೆ ಕತೆ ಮುಗಿಯಿತು ಎಂದು ಮನಸ್ಸು ತೀರ್ಮಾನಿಸುತ್ತದೆ. ನನ್ನ ರೂಮ್‌ಮೇಟ್‌ನ ವಿಷಯದಲ್ಲಿ ಇನ್ನೊಂದು ತೊಡಕೂ ಆಯಿತು. ಎರಡು ದಿನ ನಾವೆಲ್ಲ ಬೆನ್ನುಬಿದ್ದ ಮೇಲೆ ನವೆಂಬರ್ 11ಕ್ಕೆ ಅವನು ಆಸ್ಪತ್ರೆಗೆ ಹೋದ. ರಕ್ತ ಬಂದಿದ್ದರಿಂದ ಲಸಿಕೆಯ ಜೊತೆಗೆ ಗಾಯದ ಸುತ್ತ ಇಮ್ಯುನೊಗ್ಲೋಬ್ಯುಲಿನ್ ಎಂಬ ಇನ್ನೊಂದು ಔಷಧವನ್ನೂ ಕೊಟ್ಟರು. ‘ಹೊಟ್ಟಿ ಮುಟ್ಟಲೇ ಇಲ್ಲಲೇ’ ಎಂದು ನಗುತ್ತಾ ಬಂದ. ಕೈಯಲ್ಲಿದ್ದ ಚೀಟಿಯ ಮೇಲೆ ‘0, 3, 7, 28’ ಎಂದು ಬರೆದಿತ್ತು. ಅಷ್ಟೇ. ಅವನು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ‘ಕೊನೇದು ಈ ತಿಂಗಳ ಇಪ್ಪತ್ತೆಂಟಕ್ಕ’ ಅಂದ!

ಮೊದಲ ಡೋಸ್ ಪಡೆದ ದಿನವನ್ನು ಸೊನ್ನೆ ಎಂದು ಎಣಿಸಿ ಅಲ್ಲಿಂದ 28 ದಿನ ಎಂಬುದು ಅದರ ಅರ್ಥ. ಅಂದರೆ ನವೆಂಬರ್ 14, 18, ಆಮೇಲೆ ಡಿಸೆಂಬರ್ 9. ಅದನ್ನು ಅವನಿಗೆ ಹೇಳಿದ್ದು ಪಕ್ಕದ ರೂಮಿನ ನರ್ಸಿಂಗ್ ವಿದ್ಯಾರ್ಥಿ. ಡಿಗ್ರಿ ಮುಗಿಸಿ, ಅಂಕಗಣಿತದ ಲೆಕ್ಕವನ್ನು ಮೂವತ್ತು ಸೆಕೆಂಡಿನಲ್ಲಿ ಬಿಡಿಸುವ ಹುಡುಗನಿಗೇ ಆ ಚೀಟಿ ಅರ್ಥವಾಗದಿದ್ದರೆ, ಕೂಲಿ ಬಿಟ್ಟು ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ ಅರ್ಥವಾಗಬೇಕೇ? ನಾಲ್ಕು ತಾರೀಖು, ನಾಲ್ಕು ವಾರ ಬರೆಯಲು ಒಂದು ನಿಮಿಷ ಸಾಕು. ಹೆಚ್ಚಿನ ಖರ್ಚೂ ಇಲ್ಲ.

ಹೆದರಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಭಯ ಕಿವಿ ತೆರೆಸುತ್ತದೆ. ಆದರೆ ತೆರೆದ ಕಿವಿಗೆ ಮುಂದಿನ ಮಾತು ಬೀಳಬೇಕು. ಬಾಯಲ್ಲಿ ನೊರೆ ಸುರಿಸುವ ಕೆಂಗಣ್ಣಿನ ನಾಯಿಯ ಚಿತ್ರ ಹಾಕಿ ‘ರೇಬೀಸ್ ಮಾರಕ, ಎಚ್ಚರ’ ಎಂದು ಬರೆದ ಪೋಸ್ಟರ್ ನೋಡಿದವನು ಏನು ಮಾಡಬೇಕು? ಹೆದರಿಕೆ ಹುಟ್ಟಿ, ಅದರಿಂದ ಪಾರಾಗುವ ದಾರಿ ಕಾಣದಿದ್ದರೆ ಮನಸ್ಸು ತಾನೇ ಒಂದು ದಾರಿ ಹುಡುಕುತ್ತದೆ. ‘ನನಗೇನೂ ಆಗಲ್ಲ ಬಿಡು’ ಎಂಬುದೇ ಆ ದಾರಿ. ಅಲ್ಲದೆ ಆ ಚಿತ್ರದಿಂದ ಇನ್ನೊಂದು ತಪ್ಪು ಪಾಠವೂ ಸಿಗುತ್ತದೆ. ನೊರೆ ಸುರಿಸದ, ಬಾಲ ಅಲ್ಲಾಡಿಸುವ ಮರಿ ಅಪಾಯವಲ್ಲ ಎಂದು ನೋಡಿದವರು ತಿಳಿಯುತ್ತಾರೆ.

ದಾರಿ ತೋರಿಸಿ ಗೆದ್ದ ಉದಾಹರಣೆ ನಮ್ಮಲ್ಲೇ ಇದೆ. ಪಲ್ಸ್ ಪೋಲಿಯೊ ನೆನಪಿದೆಯೇ? ಇಂಥ ಭಾನುವಾರ, ನಿಮ್ಮ ಓಣಿಯ ಶಾಲೆಯಲ್ಲಿ, ಎರಡು ಹನಿ. ಹಾಕಿಸಿಕೊಂಡ ಮಗುವಿನ ಬೆರಳಿಗೆ ಶಾಯಿಯ ಗುರುತು. ಗುರುತಿಲ್ಲದ ಮಗುವನ್ನು ಹುಡುಕಿಕೊಂಡು ಕಾರ್ಯಕರ್ತೆಯರು ಮನೆಮನೆಗೇ ಬರುತ್ತಿದ್ದರು. ಪೋಲಿಯೊ ವೈರಸ್ ಹೇಗೆ ಹರಡುತ್ತದೆ ಎಂದು ನಮ್ಮ ತಾಯಂದಿರಲ್ಲಿ ಎಷ್ಟು ಜನರಿಗೆ ಗೊತ್ತಿತ್ತೋ ಏನೋ. ದಿನ ಗೊತ್ತಿತ್ತು, ಜಾಗ ಗೊತ್ತಿತ್ತು. ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊ ಮುಕ್ತ ಎಂದು ಘೋಷಣೆಯಾಯಿತು. ಸಿಗರೇಟು ಪ್ಯಾಕಿನ ಮೇಲೂ ಬರೀ ಭಯಾನಕ ಚಿತ್ರ ಸಾಲದು ಎಂದು 2018ರಿಂದ ಚಟ ಬಿಡಲು ನೆರವಾಗುವ ಸಹಾಯವಾಣಿಯ ಸಂಖ್ಯೆಯನ್ನೂ ಮುದ್ರಿಸುತ್ತಿದ್ದಾರೆ. ಹೆದರಿದವನಿಗೆ ಕರೆ ಮಾಡಲು ಒಂದು ನಂಬರ್ ಆದರೂ ಸಿಕ್ಕಿತು.

ಎಲ್ಲವೂ ಮನಸ್ಸಿನ ಆಟವಲ್ಲ ಎಂಬುದನ್ನೂ ಒಪ್ಪಬೇಕು. ಬಸ್ ಹಿಡಿದು ತಾಲ್ಲೂಕು ಆಸ್ಪತ್ರೆಗೆ ಹೋದವರಿಗೆ ‘ಸ್ಟಾಕ್ ಇಲ್ಲ, ನಾಳೆ ಬನ್ನಿ’ ಎಂದರೆ ಯಾವ ಪೋಸ್ಟರೂ ಕೆಲಸ ಮಾಡುವುದಿಲ್ಲ. ನಾಲ್ಕು ಬಾರಿ ಹೋಗಿಬರುವುದೆಂದರೆ ಕೂಲಿಯವರಿಗೆ ನಾಲ್ಕು ದಿನದ ಸಂಬಳ. ಇದಕ್ಕೆ ಸರ್ಕಾರವೇ ಉತ್ತರ ಕೊಡಬೇಕು. 2030ರೊಳಗೆ ನಾಯಿಯಿಂದ ಬರುವ ರೇಬೀಸ್ ನಿರ್ಮೂಲನೆ ಮಾಡುತ್ತೇವೆ ಎಂದು ಕೇಂದ್ರ ಸರ್ಕಾರ 2021ರಲ್ಲೇ ಕ್ರಿಯಾಯೋಜನೆ ಪ್ರಕಟಿಸಿದೆ. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟ್ ಆದೇಶ ಬಂದಾಗ ಟಿ.ವಿ.ಯಲ್ಲಿ, ಮೊಬೈಲ್‌ನಲ್ಲಿ ದಿನಗಟ್ಟಲೆ ಜಗಳವಾಯಿತು. ನಾಯಿ ಪರ ಒಂದು ಗುಂಪು, ವಿರೋಧ ಇನ್ನೊಂದು ಗುಂಪು. ನಾನು ನೋಡಿದ ಅಷ್ಟೂ ಚರ್ಚೆಗಳಲ್ಲಿ, ಕಚ್ಚಿಸಿಕೊಂಡವನು ಮೊದಲ ಹದಿನೈದು ನಿಮಿಷ ಏನು ಮಾಡಬೇಕು ಎಂದು ಒಬ್ಬರೂ ಹೇಳಲಿಲ್ಲ.

ಅದನ್ನು ಇಲ್ಲಿ ಹೇಳಿಬಿಡುತ್ತೇನೆ. ನಲ್ಲಿಯ ಕೆಳಗೆ ಗಾಯವನ್ನು ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಈ ವೈರಸ್‌ನ ಹೊರಪದರ ಕೊಬ್ಬಿನದು, ಸೋಪು ಅದನ್ನು ಕರಗಿಸುತ್ತದೆ. ಅರಿಸಿನ, ಸುಣ್ಣ, ಖಾರದ ಪುಡಿ ಏನನ್ನೂ ಹಚ್ಚಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಕ್ತ ಬರದ ಪರಚು ಗಾಯವಾದರೂ ಹೋಗಬೇಕು. ತಡವಾಗಿದ್ದರೆ ಇನ್ನೇನು ಪ್ರಯೋಜನ ಎಂದು ಕೂರದೆ ಇವತ್ತಾದರೂ ಹೋಗಬೇಕು. ಎಲ್ಲಿ ಹೋಗಬೇಕು ಎಂದು ತಿಳಿಯದಿದ್ದರೆ 104 ಆರೋಗ್ಯ ಸಹಾಯವಾಣಿಗೆ ಕರೆ ಮಾಡಬೇಕು.

ಇನ್ನು ನಾವು ಮಾಡಬಹುದಾದ ಕೆಲಸ. ಪ್ರತಿ ಹಾಸ್ಟೆಲ್, ಪಿ.ಜಿ., ಲೈಬ್ರರಿಯಲ್ಲಿ ಒಂದು ನೋಟಿಸ್ ಬೋರ್ಡ್ ಇದ್ದೇ ಇರುತ್ತದೆ. ಮೆಸ್ ಬಿಲ್, ರೂಮ್ ಖಾಲಿ ಇದೆ, ಟೆಸ್ಟ್ ಸೀರೀಸ್ ಜಾಹೀರಾತು ಎಲ್ಲಕ್ಕೂ ಅಲ್ಲಿ ಜಾಗವಿದೆ. ಒಂದು ಎ4 ಹಾಳೆಗೂ ಜಾಗ ಸಿಗುತ್ತದೆ. ಅದರಲ್ಲಿ ರೇಬೀಸ್ ಎಂದರೇನು ಎಂಬ ಪ್ರಬಂಧ ಬೇಡ. ಹತ್ತಿರದಲ್ಲಿ ಲಸಿಕೆ ಸಿಗುವ ಆಸ್ಪತ್ರೆ ಯಾವುದು, ಅದರ ಯಾವ ವಿಭಾಗಕ್ಕೆ ಹೋಗಬೇಕು, ರಾತ್ರಿ ಸಿಗುತ್ತದೆಯೇ, ಭಾನುವಾರ ಸಿಗುತ್ತದೆಯೇ, ನಮ್ಮ ಗೇಟಿನಿಂದ ಯಾವ ಬಸ್ಸು ಹೋಗುತ್ತದೆ, ಇಷ್ಟಿರಲಿ. ಕೆಳಗೆ ‘ತೋಳಿಗೆ ಇಂಜೆಕ್ಷನ್, ನಾಲ್ಕು ಬಾರಿ, ಉಚಿತ, ಹೊಟ್ಟೆಗೆ ಅಲ್ಲ’ ಎಂದು ದೊಡ್ಡದಾಗಿ ಬರೆಯಿರಿ. ಆಸ್ಪತ್ರೆಗೆ ಒಮ್ಮೆ ಹೋಗಿ ವಿಚಾರಿಸಿದರೆ ಅರ್ಧ ದಿನದ ಕೆಲಸ. ಎನ್‌ಎಸ್‌ಎಸ್, ಯುವ ರೆಡ್ ಕ್ರಾಸ್ ಘಟಕದವರು ಜಾಥಾದ ಬ್ಯಾನರಿಗೆ ಮಾಡುವ ಖರ್ಚಿನಲ್ಲಿ ಊರಿನ ಎಲ್ಲ ಹಾಸ್ಟೆಲ್‌ಗಳಿಗೂ ಇಂಥ ಹಾಳೆ ಹಂಚಬಹುದು. ಸ್ಟಾಕ್ ಇಲ್ಲ ಎಂದು ಗೊತ್ತಾದರೆ ಅದನ್ನು ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆದು ತಿಳಿಸುವ ಕೆಲಸವನ್ನೂ ಅವರೇ ಮಾಡಬಹುದು.

ಆರೋಗ್ಯ ಇಲಾಖೆಗೂ ಒಂದು ಮನವಿ. ಕರೆಂಟ್ ಬಿಲ್ ಬಾಕಿಯಿದ್ದರೆ ಮೆಸೇಜ್ ಬರುತ್ತದೆ, ಹಾಲ್ ಟಿಕೆಟ್ ಬಂದರೆ ಮೆಸೇಜ್ ಬರುತ್ತದೆ. ‘ನಾಳೆ ನಿಮ್ಮ ಮೂರನೇ ಡೋಸ್, ಇಂಥ ಆಸ್ಪತ್ರೆ, ಇಷ್ಟು ಗಂಟೆಗೆ’ ಎಂಬ ಮೆಸೇಜನ್ನೂ ಕಳಿಸಿ. ಚೀಟಿಯ ಮೇಲೆ ಸಂಖ್ಯೆಯ ಬದಲು ತಾರೀಖು ಬರೆಸಿ.

ನಮ್ಮ ಮಹಡಿಯ ಮೆಟ್ಟಿಲ ಬಳಿ ಈಗ ಅಂಥದೊಂದು ಹಾಳೆ ಅಂಟಿಸಿದ್ದೇವೆ. ಕೈಬರಹದಲ್ಲಿದೆ, ನೋಡಲು ಚೆಂದವೇನಿಲ್ಲ. ಪಕ್ಕದ ಬಿಲ್ಡಿಂಗಿನ ಹುಡುಗರು ಅದರ ಫೋಟೊ ತೆಗೆದುಕೊಂಡು ಹೋಗಿದ್ದಾರೆ. ನಿಮ್ಮ ಊರಿನ ಆಸ್ಪತ್ರೆಯ ಹೆಸರು, ಸಮಯ ಬೇರೆ ಇರುತ್ತದೆ. ಈ ವಾರ ಬಿಡುವು ಮಾಡಿಕೊಂಡು ಒಮ್ಮೆ ವಿಚಾರಿಸಿ, ಬರೆದು ಅಂಟಿಸಿ. ಭಾನುವಾರ ಊರಿಗೆ ಫೋನ್ ಮಾಡಿದಾಗ ಮನೆಯವರಿಗೆ, ಈಗ ಹೊಟ್ಟೆಗೆ ಸೂಜಿ ಮಾಡುವುದಿಲ್ಲ ಎಂಬುದನ್ನೂ ಹೇಳಿ.